ಅಲ್ಲಿಗೆ ಇಳಿದು ನೋಡಿದವರು ಯಾರು?

ಪ್ರಶ್ನೆ: ಭೂಮಿಗೆ ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂದು ಮೂರು ಪದರ, ನಟ್ಟನಡುವೆ ಕಬ್ಬಿಣ ಮತ್ತು ನಿಕ್ಕಲ್ ಉಂಟು ಎಂದು ಮಗಳ ಪಾಠಪುಸ್ತಕದಲ್ಲಿ ಬರೆದಿದ್ದಾರೆ. ನಮ್ಮ ಮನೆಯ ಬಾವಿ 40 ಅಡಿ ತೆಗೆಯುವಷ್ಟರಲ್ಲೇ ಪಾದೆಕಲ್ಲು ಸಿಕ್ಕಿ ಕೆಲಸ ನಿಂತಿತು. ಆರು ಸಾವಿರ ಕಿಲೋಮೀಟರ್ ಕೆಳಗೆ ಕಬ್ಬಿಣ ಇರುವುದನ್ನು ಯಾರು ಹೋಗಿ ನೋಡಿದರು? ಮಗಳು ಕೇಳಿದಳು, ನನಗೆ ಉತ್ತರ ಬರಲಿಲ್ಲ.
– ಬ್ರಹ್ಮಾವರದ ಕಡೆಯ ಓದುಗರೊಬ್ಬರು

ಉತ್ತರ: ಯಾರೂ ನೋಡಿಲ್ಲ. ಮಗಳಿಗೆ ಮೊದಲು ಇದನ್ನೇ ಹೇಳಿ. ಅವಳ ಅನುಮಾನ ಸರಿಯಾಗಿಯೇ ಉಂಟು.

ಮನುಷ್ಯ ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿದೆ. 1970ರಲ್ಲಿ ಸೋವಿಯತ್ ಒಕ್ಕೂಟದವರು ಶುರುಮಾಡಿ, 1989ರ ಹೊತ್ತಿಗೆ 12,262 ಮೀಟರ್ ತಲುಪಿದರು. ಅಂದರೆ ಉಡುಪಿಯಿಂದ ಕಾಪುವಿಗೆ ಇರುವಷ್ಟು ದೂರ, ನೇರ ಕೆಳಕ್ಕೆ. ತೂತಿನ ಅಗಲ ಒಂದು ಸಣ್ಣ ಬಟ್ಟಲಿನಷ್ಟು. ಆ ಆಳದಲ್ಲಿ 100 ಡಿಗ್ರಿ ಬಿಸಿ ಇರಬಹುದೆಂದು ಅಂದಾಜು ಮಾಡಿದ್ದರು, ಇದ್ದದ್ದು 180 ಡಿಗ್ರಿ ಸೆಲ್ಸಿಯಸ್. ಮುಂದಕ್ಕೆ ಕೊರೆಯಲು ಆಗಲಿಲ್ಲ. ಭೂಮಿಯ ನಡುಮಧ್ಯಕ್ಕೆ 6,371 ಕಿಲೋಮೀಟರ್. ಇಷ್ಟು ಹೆಣಗಾಡಿಯೂ ಮೊದಲ ಪದರವಾದ ಭೂಕವಚವನ್ನೇ ದಾಟಿರಲಿಲ್ಲ. ನಮ್ಮ ಕಾಲಡಿಯಲ್ಲಿ ಅದರ ದಪ್ಪ ಸುಮಾರು 35ರಿಂದ 40 ಕಿಲೋಮೀಟರ್. ಉಡುಪಿಯಿಂದ ಕಾರ್ಕಳಕ್ಕೆ ಹೋಗಿ ಬಾಹುಬಲಿ ಬೆಟ್ಟದ ಬುಡದಲ್ಲಿ ಬಸ್ ಇಳಿದರೆ ಹೆಚ್ಚುಕಡಿಮೆ ಅಷ್ಟು.

ಹಾಗಾದರೆ ಗೊತ್ತಾದದ್ದು ಹೇಗೆ? ತೆಂಗಿನಕಾಯಿ ಆರಿಸುವಾಗ ನಾವು ಗೆರಟೆ ಒಡೆದು ನೋಡುವುದುಂಟೇ? ಕೈಯಲ್ಲಿ ತೂಗಿ ನೋಡುತ್ತೇವೆ, ಕಿವಿಯ ಹತ್ತಿರ ಹಿಡಿದು ಕುಲುಕುತ್ತೇವೆ. ಭೂಮಿಯನ್ನು ಪರೀಕ್ಷೆ ಮಾಡಿದ್ದೂ ಹೀಗೆಯೇ.

ಮೊದಲು ತೂಗಿದ್ದು. 1798ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್, ಒಂದು ಕೋಲಿನ ಎರಡು ತುದಿಗೆ ಸಣ್ಣ ಸೀಸದ ಗುಂಡುಗಳನ್ನು ಕಟ್ಟಿ, ಕೋಲನ್ನು ತೆಳು ತಂತಿಯಲ್ಲಿ ತೂಗುಹಾಕಿ, ಪಕ್ಕದಲ್ಲಿ 158 ಕಿಲೋ ತೂಕದ ದೊಡ್ಡ ಗುಂಡುಗಳನ್ನು ಇಟ್ಟರು. ದೊಡ್ಡ ಗುಂಡು ಸಣ್ಣದನ್ನು ಕೂದಲೆಳೆಯಷ್ಟು ತನ್ನ ಕಡೆಗೆ ಎಳೆಯಿತು. ತನ್ನ ಮೈಯ ಬಿಸಿಯಿಂದ ಗಾಳಿ ಅಲುಗಾಡಿ ಲೆಕ್ಕ ಕೆಡಬಾರದೆಂದು ಅವರು ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿ ಅಳೆದರು. ಆ ಎಳೆತವನ್ನು ಭೂಮಿಯ ಎಳೆತಕ್ಕೆ ಹೋಲಿಸಿದಾಗ ಸಿಕ್ಕಿದ ಉತ್ತರ: ಇಡೀ ಭೂಮಿ ಅಷ್ಟೇ ಗಾತ್ರದ ನೀರಿಗಿಂತ ಸುಮಾರು 5.45 ಪಟ್ಟು ಭಾರ. ಇಂದಿನ ಲೆಕ್ಕ 5.51.

ಈಗ ನಿಮ್ಮ ಬಾವಿಯ ಪಾದೆಕಲ್ಲಿನ ಒಂದು ಚೂರು ತೂಗಿ. ಅದು ನೀರಿಗಿಂತ ಸುಮಾರು 2.7 ಪಟ್ಟು ಭಾರ, ಅಷ್ಟೆ. ಭೂಮಿ ಪೂರ್ತಿ ಇಂಥ ಕಲ್ಲೇ ಆಗಿದ್ದರೆ, ಒತ್ತಡಕ್ಕೆ ಒಂದಿಷ್ಟು ಕುಗ್ಗಿ ಗಟ್ಟಿಯಾಗುವುದನ್ನು ಸೇರಿಸಿದರೂ, 5.5 ಬರುವುದಿಲ್ಲ. ಎಂದಮೇಲೆ ಒಳಗೆ ತುಂಬ ಭಾರದ್ದು ಏನೋ ಇರಲೇಬೇಕು.

ಭಾರವಾದದ್ದು ಕಬ್ಬಿಣವೇ ಯಾಕೆ? ಸೀಸವೂ ಭಾರ, ಚಿನ್ನ ಇನ್ನೂ ಭಾರ. ಇಲ್ಲಿ ಸಾಕ್ಷಿ ಹೇಳುವುದು ಆಕಾಶದಿಂದ ಬಿದ್ದ ಕಲ್ಲುಗಳು. ಸೂರ್ಯ ಮತ್ತು ಗ್ರಹಗಳು ಹುಟ್ಟಿದಾಗ ಉಳಿದ ಕಚ್ಚಾ ಸಾಮಗ್ರಿಯಂತಿರುವ ಉಲ್ಕಾಶಿಲೆಗಳಲ್ಲೂ, ಸೂರ್ಯನ ಬೆಳಕಿನ ವಿಶ್ಲೇಷಣೆಯಲ್ಲೂ ಕಬ್ಬಿಣ ಧಾರಾಳ. ಚಿನ್ನ, ಸೀಸ ಲೆಕ್ಕಕ್ಕೇ ಇಲ್ಲ. ಅದೇ ಸಾಮಗ್ರಿಯಿಂದ ಆದ ಭೂಮಿಯ ತೂಕದಲ್ಲಿ ಸುಮಾರು ಶೇ. 32 ಕಬ್ಬಿಣ ಇರಬೇಕು. ಆದರೆ ಭೂಕವಚದಲ್ಲಿ ಸಿಗುವುದು ಶೇ. 5 ಮಾತ್ರ, ಮ್ಯಾಂಟಲ್‌ನಲ್ಲಿ ಶೇ. 6ರ ಆಸುಪಾಸು. ಬ್ಯಾಂಕುಗಳು ಹುಟ್ಟಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಜಮೆಯಾದದ್ದು ಕಾಣುತ್ತಿಲ್ಲವೆಂದರೆ ಬೇರೆ ಯಾವುದೋ ಖಾತೆಯಲ್ಲಿದೆ.

ಆ ಖಾತೆ ಎಲ್ಲಿದೆ ಎಂದು ತಿಳಿದದ್ದು ಕುಲುಕಿ ನೋಡಿದಾಗ. ಕುಲುಕುವ ಕೆಲಸವನ್ನು ಭೂಕಂಪಗಳು ಮಾಡುತ್ತವೆ. ಭೂಕಂಪದಿಂದ ಎರಡು ಬಗೆಯ ಅಲೆಗಳು ಭೂಮಿಯ ಒಳಗೆ ಹೋಗುತ್ತವೆ. ಒಂದು ನೂಕುವ ಅಲೆ. ಗೂಡ್ಸ್ ರೈಲಿಗೆ ಎಂಜಿನ್ ಬಂದು ತಾಗಿದಾಗ ಬಡಿತ ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟಿ ಕೊನೆಯವರೆಗೆ ಹೋಗುತ್ತದಲ್ಲ, ಹಾಗೆ. ಇನ್ನೊಂದು ಅಡ್ಡಕ್ಕೆ ಅಲ್ಲಾಡಿಸುವ ಅಲೆ. ಬಾವಿಹಗ್ಗದ ಒಂದು ತುದಿ ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಒದರಿದರೆ ಹಾವಿನಂತೆ ಓಡುವುದು ಅದು. ನೂಕುವ ಅಲೆ ಕಲ್ಲು, ನೀರು ಎಲ್ಲದರಲ್ಲೂ ಹೋಗುತ್ತದೆ. ಅಡ್ಡ ಅಲೆಗೆ ದ್ರವದೊಳಗೆ ದಾರಿ ಇಲ್ಲ. ಗಟ್ಟಿ ವಸ್ತುವನ್ನು ಅಡ್ಡಕ್ಕೆ ಎಳೆದರೆ ಅದು ತಿರುಗಿ ಎಳೆಯುತ್ತದೆ, ನೀರು ಸುಮ್ಮನೆ ಸರಿದು ಹೋಗುತ್ತದೆ.

ಈ ಎರಡು ಅಲೆಗಳನ್ನು ಮೊದಲು ಸ್ಪಷ್ಟವಾಗಿ ಬೇರ್ಪಡಿಸಿ ಗುರುತಿಸಿದ್ದು ನಮ್ಮ ದೇಶದ ಭೂಕಂಪದಿಂದ. 1897ರ ಜೂನ್ 12ರಂದು ಅಸ್ಸಾಂ ನಡುಗಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ದೂರದ ಯುರೋಪಿನ ಯಂತ್ರಗಳಲ್ಲಿ ದಾಖಲಾದ ಗೆರೆಗಳನ್ನು ಕೂತು ಓದಿದರು. 1906ರಲ್ಲಿ, ಅಂದರೆ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಶುರುವಾದ ವರ್ಷವೇ, ಅವರು ಭೂಮಿಗೆ ಬೇರೆಯೇ ಒಂದು ಕೇಂದ್ರಗೋಳ ಉಂಟೆಂದು ತೋರಿಸಿದರು. ನಡುವಿನಿಂದ ಹಾದು ಬರುವ ಅಲೆಗಳು ಬರಬೇಕಾದ ಹೊತ್ತಿಗಿಂತ ತಡವಾಗಿ ಬರುತ್ತಿದ್ದವು. ಬೆನೊ ಗುಟೆನ್‌ಬರ್ಗ್ ಅದರ ಅಂಚು ಸುಮಾರು 2,900 ಕಿಲೋಮೀಟರ್ ಆಳದಲ್ಲಿದೆ ಎಂದು ಲೆಕ್ಕ ಹಾಕಿದರು. ಅಡ್ಡ ಅಲೆಗಳು ಆ ಅಂಚಿನಿಂದ ಒಳಗೆ ಹೋಗುವುದೇ ಇಲ್ಲ, ಆದ್ದರಿಂದ ಅಲ್ಲಿರುವುದು ದ್ರವ ಎಂದು 1926ರಲ್ಲಿ ಹೆರಾಲ್ಡ್ ಜೆಫ್ರೀಸ್ ವಾದಿಸಿದರು.

ನನಗೆ ಎಲ್ಲರಿಗಿಂತ ಇಷ್ಟವಾಗುವವರು ಡೆನ್ಮಾರ್ಕಿನ ಇಂಗೆ ಲೇಮನ್. 1929ರಲ್ಲಿ ನ್ಯೂಜಿಲೆಂಡಿನಲ್ಲಿ ದೊಡ್ಡ ಭೂಕಂಪವಾಯಿತು. ಅದರ ಅಲೆಗಳಲ್ಲಿ ಕೆಲವು, ಬರಬಾರದ ಜಾಗದಲ್ಲಿ ಬಂದು ಬಿದ್ದಿದ್ದವು. ಕಂಪ್ಯೂಟರ್ ಇಲ್ಲದ ಕಾಲ. ಬೇಸಿಗೆಯ ಒಂದು ಭಾನುವಾರ ತೋಟದಲ್ಲಿ ಮೇಜು ಹಾಕಿ, ಓಟ್ಸಿನ ರಟ್ಟಿನ ಡಬ್ಬಗಳಲ್ಲಿ ಕಾರ್ಡುಗಳನ್ನು ತುಂಬಿಸಿಟ್ಟು, ಒಂದೊಂದೇ ಭೂಕಂಪದ ಹೊತ್ತು-ಜಾಗ ಹೊಂದಿಸುತ್ತಿದ್ದರಂತೆ. ಅವರ ಬಂಧುವೊಬ್ಬರು ಹೀಗೆ ನೆನಪಿಸಿಕೊಂಡಿದ್ದಾರೆ. ದ್ರವದ ಒಳಗೆ ಮತ್ತೊಂದು ಉಂಡೆ ಇದ್ದರೆ ಮಾತ್ರ ಅಲೆ ಹಾಗೆ ಚಿಮ್ಮಲು ಸಾಧ್ಯ ಎಂದು ಅವರು 1936ರಲ್ಲಿ ಪ್ರಕಟಿಸಿದರು. ಆ ಒಳ ಉಂಡೆಯ ತ್ರಿಜ್ಯ ಸುಮಾರು 1,220 ಕಿಲೋಮೀಟರ್. ಅದು ಗಟ್ಟಿ. ಅಲ್ಲಿ 5,000 ಡಿಗ್ರಿಗೂ ಮೀರಿದ ಬಿಸಿ ಇದ್ದರೂ, ಮೇಲಿನಿಂದ ಬೀಳುವ ಒತ್ತಡ ನಮ್ಮ ಗಾಳಿಯ ಒತ್ತಡದ 30 ಲಕ್ಷ ಪಟ್ಟಿಗಿಂತ ಹೆಚ್ಚು. ಕರಗಲು ಬಿಡುವುದಿಲ್ಲ. ಹೊರಗಿನ ದ್ರವ ಕಬ್ಬಿಣ ಮಾತ್ರ ಹೊರಳಾಡುತ್ತಲೇ ಇರುತ್ತದೆ. ಭೂಮಿಗೆ ಕಾಂತಶಕ್ತಿ ಬಂದದ್ದು ಆ ಹೊರಳಾಟದಿಂದ, ಮಲ್ಪೆಯ ಬೋಟಿನ ದಿಕ್ಸೂಚಿ ಉತ್ತರ ತೋರಿಸುವುದೂ ಅದರಿಂದ.

ಪಾಠಪುಸ್ತಕದ ಬಗ್ಗೆ ಒಂದು ಮಾತು. ಸಿಯಾಲ್, ಸಿಮಾ, ನಿಫೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಸಿಲಿಕಾನ್-ಅಲ್ಯೂಮಿನಿಯಂ, ಸಿಲಿಕಾನ್-ಮೆಗ್ನೀಸಿಯಂ, ನಿಕ್ಕಲ್-ಕಬ್ಬಿಣ. ಪರೀಕ್ಷೆಗೆ ಸಾಕು. ಆದರೆ ಅದರಲ್ಲಿ ಎಲ್ಲರಿಗಿಂತ ದೊಡ್ಡ ಪಾಲುದಾರನ ಹೆಸರೇ ಇಲ್ಲ. ಭೂಕವಚದ ತೂಕದಲ್ಲಿ ಶೇ. 46ರಷ್ಟು ಆಮ್ಲಜನಕ! ಗಾಳಿಯಲ್ಲಿ ಮಾತ್ರ ಇರುವುದೆಂದು ನಾವು ತಿಳಿದದ್ದು ಕಲ್ಲಿನೊಳಗೆ ಸಿಲಿಕಾನ್ (ಶೇ. 28), ಅಲ್ಯೂಮಿನಿಯಂ (ಶೇ. 8) ಜತೆ ಕಟ್ಟಿಹಾಕಿಕೊಂಡು ಕುಳಿತಿದೆ. ಕೇಂದ್ರಗೋಳದಲ್ಲಿ ನಿಕ್ಕಲ್ ಇರುವುದು ಶೇ. 5ರ ಹತ್ತಿರ, ಶೇ. 85ರಷ್ಟು ಕಬ್ಬಿಣವೇ. ಉಳಿದದ್ದು ಗಂಧಕ, ಸಿಲಿಕಾನ್, ಆಮ್ಲಜನಕದಂಥ ಹಗುರ ವಸ್ತುಗಳು. ಇನ್ನು ಮ್ಯಾಂಟಲ್ ಎಂದರೆ ಕುದಿಯುವ ಲಾವಾ ಎಂಬ ಕಲ್ಪನೆ ಬಹಳ ಜನರಲ್ಲಿದೆ. ತಪ್ಪು. ಅಡ್ಡ ಅಲೆಗಳು ಅದರಲ್ಲಿ ಸಲೀಸಾಗಿ ಓಡುತ್ತವೆ, ಅಂದರೆ ಅದು ಗಟ್ಟಿ ಕಲ್ಲು. ಕೋಟಿ ವರ್ಷಗಳ ಲೆಕ್ಕದಲ್ಲಿ ನೋಡಿದರೆ ಮಾತ್ರ, ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ, ನಮ್ಮ ಉಗುರು ಬೆಳೆಯುವ ವೇಗದಲ್ಲಿ ಹರಿಯುತ್ತದೆ. ಅದರ ತುಂಡುಗಳನ್ನು ಕೈಯಲ್ಲಿ ಹಿಡಿದವರಿದ್ದಾರೆ: ಆಂಧ್ರದ ವಜ್ರಕರೂರಿನಂಥ ಕಡೆ ವಜ್ರದ ಜತೆ ಮೇಲೆ ಬಂದ ಕಿಂಬರ್ಲೈಟ್ ಶಿಲೆಗಳು ಮ್ಯಾಂಟಲ್‌ನಿಂದಲೇ ಎದ್ದು ಬಂದವು.

ಇಷ್ಟು ಹೇಳಿದ ಮೇಲೆ ಮಗಳನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ.

ನಮ್ಮ ಮನೆಯ ಬಾವಿ ತೆಗೆಯುವಾಗ ನಾನು ಹೈಸ್ಕೂಲಿನಲ್ಲಿದ್ದೆ. ಮೇಲೆ ಎರಡಡಿ ಕೆಂಪು ಮಣ್ಣು, ಆಮೇಲೆ ಹಾರೆ ಹಾಕಿದರೆ ಠಣ್ ಎನ್ನುವ ಮುರಕಲ್ಲು. ಮೂರನೆಯ ವಾರ ಕೆಳಗಿನಿಂದ ಬುಟ್ಟಿಯಲ್ಲಿ ಗುಲಾಬಿ, ಬಿಳಿ, ಹಳದಿ ಬಣ್ಣದ ಮುದ್ದೆ ಬರತೊಡಗಿತು. ಮೊಣಕಾಲಿನವರೆಗೆ ಬೆಳ್ಳಗಾಗಿ ಹತ್ತಿ ಬಂದ ಕೆಲಸದವರು, "ಶೇಡಿ ಬಂತು ಮಾರಾಯ್ರೆ, ಇನ್ನು ರಿಂಗ್ ಇಳಿಸದೆ ಆಗುವುದಿಲ್ಲ" ಎಂದರು. ಶೇಡಿಯ ಕೆಳಗೆ ಕೊನೆಗೆ ಪಾದೆ. ಆ ಪಾದೆಯೇ ಮೇಲಿನ ಎಲ್ಲದರ ಮೂಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. ವರ್ಷಕ್ಕೆ 4,000 ಮಿಲಿಮೀಟರ್‌ಗೆ ಹತ್ತಿರದ ಮಳೆ ಲಕ್ಷಾಂತರ ವರ್ಷ ಆ ಕಲ್ಲನ್ನು ತೊಳೆದು, ಅದರ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲವನ್ನೂ ಕಡಲಿಗೆ ಸಾಗಿಸಿತು. ಸಿಲಿಕಾನೂ ಅಲ್ಯೂಮಿನಿಯಮ್ಮೂ ನೀರಿನ ಜತೆ ಸೇರಿ ಶೇಡಿಯಾಯಿತು. ಇನ್ನೂ ಮೇಲೆ ಸಿಲಿಕಾ ಕೂಡ ಕರಗಿ ಹೋಗಿ, ಹೋಗಲಾರದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮುರಕಲ್ಲಿನ ಕೆಂಪು ಎಂದರೆ ತುಕ್ಕಿನ ಕೆಂಪು.

454 ಕೋಟಿ ವರ್ಷಗಳ ಹಿಂದೆ ಭೂಮಿ ಹುಟ್ಟಿದ ಹೊಸತರಲ್ಲಿ ನಡೆದದ್ದು ಇದರ ತಲೆಕೆಳಗು. ಎಲ್ಲ ಕಾದು ಕರಗಿದ್ದಾಗ ಭಾರದ ಕಬ್ಬಿಣ ತಳಕ್ಕೆ ಇಳಿಯಿತು, ಹೋಗುವಾಗ ನಿಕ್ಕಲನ್ನೂ ಭೂಮಿಯ ಹೆಚ್ಚಿನ ಚಿನ್ನವನ್ನೂ ಜತೆಗೆ ಎಳೆದುಕೊಂಡು ಹೋಯಿತು. ಹಗುರಾದವು ಮೇಲೆ ತೇಲಿ ಕಲ್ಲಾದವು. ಅಲ್ಲಿ ಕಬ್ಬಿಣ ಮುಳುಗಿ ಸೇರಿಕೊಂಡಿತು, ನಿಮ್ಮ ಬಾವಿಯಲ್ಲಿ ಉಳಿದವರೆಲ್ಲ ಬಿಟ್ಟು ಹೋದದ್ದರಿಂದ ಮೇಲೆ ಉಳಿಯಿತು.

ಬಿಡುವಾದರೆ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೂ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಲಾವಾ ತಣ್ಣಗಾಗಿ ಬಿರಿದು ಆದವು. ಬಸಾಲ್ಟ್ ಎಂದು ಕರೆಯುವ ರೂಢಿ ಉಂಟು, ಆದರೆ ಅವು ಸಿಲಿಕಾ ಹೆಚ್ಚಿರುವ ಡೇಸೈಟ್, ರಯೋಲೈಟ್ ಜಾತಿಯವು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಡಿಸೆಂಬರ್ ರಜೆಯಲ್ಲಿ ಹೋದರೆ ಒಳ್ಳೆಯದು.