ಲೈಟ್ ಹತ್ತುತ್ತದೆ, ಸದ್ದು ಬರಲ್ಲ: ಮನೆಯಲ್ಲಿ ಕಟ್ಟಿದ ಪೆಡಲ್‌ನಲ್ಲಿ ತಪ್ಪು ಹುಡುಕೋದು ಹೇಗೆ?

ಪ್ರಶ್ನೆ: ಗಿಟಾರ್ ಸದ್ದನ್ನು ಒಡೆದು ಒರಟು ಮಾಡುವ, ಎರಡು ಟ್ರಾನ್ಸಿಸ್ಟರ್‌ನ ಫಝ್ ಪೆಡಲ್ ಒಂದನ್ನು ಸ್ಟ್ರಿಪ್‌ಬೋರ್ಡ್ (ಸಾಲು ತೂತುಗಳ ಕೆಳಗೆ ತಾಮ್ರದ ಪಟ್ಟಿಗಳಿರುವ ಬೋರ್ಡ್) ಮೇಲೆ ಕಟ್ಟಿದ್ದೇನೆ. ಬೈಪಾಸ್‌ನಲ್ಲಿ, ಅಂದರೆ ಎಫೆಕ್ಟ್ ಆಫ್ ಇದ್ದಾಗ, ಗಿಟಾರ್ ಚೆನ್ನಾಗಿ ಕೇಳುತ್ತದೆ. ಸ್ವಿಚ್ ಒತ್ತಿದರೆ ಎಲ್‌ಇಡಿ ಹತ್ತುತ್ತದೆ, ಆದರೆ ಸದ್ದು ಪೂರ್ತಿ ನಿಂತುಹೋಗುತ್ತದೆ. ಎರಡೂ ಟ್ರಾನ್ಸಿಸ್ಟರ್ ಬದಲಾಯಿಸಿ ನೋಡಿದೆ, ಹಾಗೇ ಇದೆ. ಮುಂದೇನು ಮಾಡಲಿ?

ಉತ್ತರ: ಮೊದಲು ಸೋಲ್ಡರಿಂಗ್ ಐರನ್ ಆಫ್ ಮಾಡಿ ಪಕ್ಕಕ್ಕಿಡಿ. ಹೊಸದಾಗಿ ಕಟ್ಟಿದ ಪೆಡಲ್‌ನಲ್ಲಿ ಬಿಡಿಭಾಗವೇ ಕೆಟ್ಟಿರುವುದು ಅಪರೂಪ. ತಪ್ಪು ತೂತಿನಲ್ಲಿ ಕೂತಿರುವುದು, ಉಲ್ಟಾ ಕೂತಿರುವುದು, ಸೋಲ್ಡರ್ ಸರಿಯಾಗಿ ಹಿಡಿಯದಿರುವುದು, ಇವೇ ಜಾಸ್ತಿ. ಸುಮ್ನೆ ಒಂದೊಂದೇ ಭಾಗ ಕಿತ್ತು ಹೊಸದು ಹಾಕುತ್ತಾ ಹೋದರೆ ಬಿಸಿಗೆ ತಾಮ್ರದ ಪಟ್ಟಿ ಎದ್ದು ಬಂದು, ಇದ್ದ ಒಂದು ತಪ್ಪಿನ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ.

ಎಲ್‌ಇಡಿ ಹತ್ತಿತು ಅಂತ ನಂಬಬೇಡಿ. ಪೆಡಲ್‌ನಲ್ಲಿ ಕಾಲಿನಿಂದ ಒತ್ತುವ 3ಪಿಡಿಟಿ ಸ್ವಿಚ್‌ನ ಒಳಗೆ ಇರುವುದು ಮೂರು ಬೇರೆ ಬೇರೆ ಸ್ವಿಚ್‌ಗಳು, ಅದಕ್ಕೇ 9 ಕಾಲು. ಅದರಲ್ಲಿ ಒಂದು ಬರೀ ಎಲ್‌ಇಡಿಗೆ. ಬೋರ್ಡ್ ಕಿತ್ತು ಹೊರಗಿಟ್ಟರೂ ಅದು ಹತ್ತಬಹುದು. ನಿಜವಾದ ಸುಳಿವು ಸಿಗುವುದು ಬೈಪಾಸ್‌ನಿಂದ: ಅದು ಸರಿ ಇದೆ ಅಂದರೆ ಕೇಬಲ್, ಜ್ಯಾಕ್, ಆಂಪ್ ಎಲ್ಲ ಸರಿ. ಉಳಿದದ್ದು ಸ್ವಿಚ್‌ನಿಂದ ಬೋರ್ಡಿಗೆ ಹೋಗುವ ತಂತಿ, ಬೋರ್ಡ್, ಅಲ್ಲಿಂದ ಸ್ವಿಚ್‌ಗೆ ವಾಪಸ್ ಬರುವ ತಂತಿ. ಇವೆರಡು ತಂತಿ ಅದಲುಬದಲಾಗಿದ್ದರೂ ಇದೇ ಲಕ್ಷಣ.

ಈಗ ಕಣ್ಣಿನ ಕೆಲಸ. ಬೋರ್ಡಿನ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಬರಿಗಣ್ಣಿಗೆ ಕಾಣದ ಸೋಲ್ಡರ್ ಎಳೆಗಳು ಅಲ್ಲಿ ಕಾಣುತ್ತವೆ. ಸ್ಟ್ರಿಪ್‌ಬೋರ್ಡ್‌ನಲ್ಲಿ ತೂತಿನಿಂದ ತೂತಿಗೆ 2.54 ಮಿಲಿಮೀಟರ್, ಪಟ್ಟಿಗಳ ನಡುವಿನ ಸಂದು ಅದಕ್ಕಿಂತ ಎಷ್ಟೋ ಸಣ್ಣದು. ಪ್ರತಿ ಸಂದಿನಲ್ಲೂ ಒಂದು ಸಲ ಚಾಕುವಿನ ತುದಿ ಎಳೆಯಿರಿ. ಪಟ್ಟಿ ಕತ್ತರಿಸಿದ ಜಾಗಗಳಲ್ಲಿ ಕೂದಲೆಳೆಯಷ್ಟು ತಾಮ್ರ ಉಳಿದಿರುವುದು ತುಂಬಾ ಸಾಮಾನ್ಯ.

ನೀವು ಹಾಕಿದ ಟ್ರಾನ್ಸಿಸ್ಟರ್ ಯಾವುದು ಅಂತ ಬರೆದಿಲ್ಲ, ಆದರೆ ನನ್ನ ಅನುಮಾನ ಅಲ್ಲೇ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇಟ್ಟು ನೋಡಿದರೆ 2ಎನ್3904ಕ್ಕೆ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ಕ್ಕೆ ಅದರ ಉಲ್ಟಾ: ಕಲೆಕ್ಟರ್, ಬೇಸ್, ಎಮಿಟರ್. ಒಂದಕ್ಕೆ ಬರೆದ ನಕ್ಷೆಯಲ್ಲಿ ಇನ್ನೊಂದನ್ನು ಅದೇ ದಿಕ್ಕಿಗೆ ಕೂರಿಸಿದರೆ ಎಷ್ಟು ಹೊಸದು ಹಾಕಿದರೂ ಅಷ್ಟೇ, ಅಲ್ವಾ? ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಪಟ್ಟೆ ಇರುವ ಕಡೆ ಮೈನಸ್ ಅನ್ನೋದನ್ನೂ ನೋಡಿಕೊಳ್ಳಿ. ರೆಸಿಸ್ಟರ್‌ಗಳಲ್ಲಿ ಕೆಂಪು ಮತ್ತು ಕಿತ್ತಳೆ ಗೆರೆ ಮಂದ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ, 1ಕೆ ಇರಬೇಕಾದ ಕಡೆ 10ಕೆ ಕೂತಿರುತ್ತದೆ.

ಆಮೇಲೆ ಮಲ್ಟಿಮೀಟರ್. 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ತಂತಿಯನ್ನು ಗ್ರೌಂಡ್‌ಗೆ (ಸಾಮಾನ್ಯವಾಗಿ ಬ್ಯಾಟರಿಯ ಮೈನಸ್ ಸೇರುವ ಕಡೆ) ಹಿಡಿದು ಕೆಂಪಿನಿಂದ ಒಂದೊಂದೇ ಕಾಲು ಮುಟ್ಟಿ. 1966ರಲ್ಲಿ ಬಂದ ಫಝ್ ಫೇಸ್ ಎಂಬ ಪೆಡಲ್ ಮಾದರಿಯ ಸರ್ಕಿಟ್ ಆಗಿದ್ದರೆ ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ ಸುಮಾರು 4.5 ವೋಲ್ಟ್ ಇರಬೇಕು. ಬ್ಯಾಟರಿಯ ಪೂರ್ತಿ 9 ವೋಲ್ಟ್ ಇದ್ದರೆ ಆ ಟ್ರಾನ್ಸಿಸ್ಟರ್ ಕೆಲಸವನ್ನೇ ಶುರು ಮಾಡಿಲ್ಲ. ಸೊನ್ನೆ ಇದ್ದರೆ ಕಲೆಕ್ಟರ್‌ಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಆ ಪಟ್ಟಿ ಎಲ್ಲೋ ಗ್ರೌಂಡ್‌ಗೆ ತಾಗಿದೆ. ಸಿಲಿಕಾನ್ ಟ್ರಾನ್ಸಿಸ್ಟರ್ ಆದರೆ ಬೇಸ್ ಮತ್ತು ಎಮಿಟರ್ ನಡುವೆ 0.6ರಿಂದ 0.7 ವೋಲ್ಟ್ ಸಿಗಬೇಕು. (ಪಿಎನ್‌ಪಿ ಜರ್ಮೇನಿಯಂ ಹಾಕಿ, ಪಾಸಿಟಿವ್ ಗ್ರೌಂಡ್ ಇಟ್ಟು ಕಟ್ಟಿದ್ದರೆ ಲೆಕ್ಕ ಬೇರೆ. ಅಂಥ ಪೆಡಲನ್ನು ಉಳಿದವುಗಳ ಜೊತೆ ಒಂದೇ ಅಡಾಪ್ಟರ್‌ಗೆ ಸಿಕ್ಕಿಸಬೇಡಿ, ಶಾರ್ಟ್ ಆಗುತ್ತದೆ.)

ಇಷ್ಟರಲ್ಲೂ ಸಿಗದಿದ್ದರೆ ಆಡಿಯೋ ಪ್ರೋಬ್ ಮಾಡಿಕೊಳ್ಳಿ. ನನ್ನ ಪ್ರಕಾರ ಹೊಸಬರು ಎರಡನೇ ಪೆಡಲ್ ಕಟ್ಟುವ ಮೊದಲು ಮಾಡಿಕೊಳ್ಳಬೇಕಾದ ಸಾಧನ ಇದು. ಒಂದು ಗಿಟಾರ್ ಕೇಬಲ್, ಅದರ ಒಂದು ತುದಿ ಆಂಪ್‌ಗೆ. ಇನ್ನೊಂದು ತುದಿಯ ಪ್ಲಗ್ ಕತ್ತರಿಸಿ, ಹೊರಗಿನ ಹೆಣಿಗೆ ತಂತಿಯನ್ನು ಪೆಡಲ್‌ನ ಗ್ರೌಂಡ್‌ಗೆ ಕ್ಲಿಪ್ ಮಾಡಿ. ನಡುವಿನ ತಂತಿಗೆ 0.1 ಮೈಕ್ರೋಫ್ಯಾರಡ್‌ನ, ಮೈಮೇಲೆ 104 ಅಂತ ಬರೆದಿರುವ ಕೆಪಾಸಿಟರ್ ಬೆಸೆಯಿರಿ. ಅದು ಡಿಸಿ ತಡೆದು ಸದ್ದನ್ನು ಮಾತ್ರ ಬಿಡುತ್ತದೆ. ಅದರ ಇನ್ನೊಂದು ಕಾಲೇ ನಿಮ್ಮ ಮುಳ್ಳು.

ಪೆಡಲ್‌ನ ಇನ್‌ಪುಟ್‌ಗೆ ಗಿಟಾರ್ ಬದಲು ಫೋನಿನಿಂದ ಸಣ್ಣ ವಾಲ್ಯೂಮ್‌ನಲ್ಲಿ ಹಾಡು ಬಿಡಿ, ಎರಡೂ ಕೈ ಖಾಲಿ ಇರುತ್ತವೆ. ಎಫೆಕ್ಟ್ ಆನ್ ಮಾಡಿ. ಆಂಪ್ ವಾಲ್ಯೂಮ್ ತೀರಾ ಕಡಿಮೆ ಇರಲಿ, ಮುಟ್ಟಿದಾಗಲೆಲ್ಲ ಟಪ್ ಅನ್ನುತ್ತದೆ. ಈಗ ಇನ್‌ಪುಟ್ ಜ್ಯಾಕ್ ಮುಟ್ಟಿ: ಹಾಡು ಕೇಳಬೇಕು. ಬೋರ್ಡಿಗೆ ತಂತಿ ಸೇರುವ ಜಾಗ: ಕೇಳಬೇಕು. ಮೊದಲ ಕೆಪಾಸಿಟರ್‌ನ ಈಚೆ ಕಾಲು, ಆಚೆ ಕಾಲು. ಮೊದಲ ಟ್ರಾನ್ಸಿಸ್ಟರ್‌ನ ಬೇಸ್‌ನಲ್ಲಿ ಸದ್ದು ಸಣ್ಣಗಾಗುತ್ತದೆ, ಗಾಬರಿ ಬೇಡ, ಈ ಸರ್ಕಿಟ್‌ನ ಗುಣವೇ ಅದು. ಎರಡನೆಯದರ ಕಲೆಕ್ಟರ್‌ಗೆ ಬರುವಷ್ಟರಲ್ಲಿ ಹಾಡು ಜೋರಾಗಿ, ಹರಿದುಹೋದ ಹಾಗೆ ಕೇಳಿದರೆ ಫಝ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ, ತಪ್ಪು ಅಲ್ಲಿಂದ ಮುಂದೆ, ಔಟ್‌ಪುಟ್ ಕೆಪಾಸಿಟರ್, ವಾಲ್ಯೂಮ್ ಪಾಟ್ (ತಿರುಗಿಸುವ ಗುಬ್ಬಿಯ ಕೆಳಗಿನ ಭಾಗ) ಅಥವಾ ಸ್ವಿಚ್‌ಗೆ ಹೋಗುವ ತಂತಿಯಲ್ಲಿದೆ.

ಸದ್ದು ಇದ್ದ ಕೊನೆಯ ಜಾಗ, ಇಲ್ಲವಾದ ಮೊದಲ ಜಾಗ, ಇವೆರಡರ ನಡುವೆ ಇರುವುದು ಒಂದು ಭಾಗ, ಎರಡು ಜಾಯಿಂಟ್. ಅಲ್ಲಿ ಮಾತ್ರ ಐರನ್ ಇಡಿ. ಅದಕ್ಕೂ ಮೊದಲು ಬ್ಯಾಟರಿ ತೆಗೆದು, ಸದ್ದಿಲ್ಲದ ಆ ಜಾಗ ಗ್ರೌಂಡ್ ಜೊತೆ ಬೀಪ್ ಅನ್ನುತ್ತದಾ ಅಂತ ಮೀಟರ್‌ನಲ್ಲಿ ನೋಡಿ. ಬೀಪ್ ಅಂದರೆ ಅದು ಶಾರ್ಟ್, ಮತ್ತೆ ಚಾಕುವಿನ ಕೆಲಸ.

ಮೇಜಿನ ಮೇಲೆ ಎಲ್ಲ ಸರಿಯಾಗಿ, ಡಬ್ಬಿ ಮುಚ್ಚಿದ ಕೂಡಲೇ ಸದ್ದು ಹೋದರೆ ಬೋರ್ಡಿನ ಹಿಂಭಾಗ ಪಾಟ್‌ನ ಬೆನ್ನಿಗೋ ಡಬ್ಬಿಯ ಗೋಡೆಗೋ ತಾಗುತ್ತಿರುತ್ತದೆ. ನಡುವೆ ಒಂದು ದಪ್ಪ ಕಾರ್ಡ್‌ಬೋರ್ಡ್ ತುಂಡು ಸಾಕು.