ಕಾಲುವೆಗೆ ಟೈಲ್ಸ್ ಆಮೇಲೆ, ಮೊದ್ಲು ಪೈಪ್ ಎಣಿಸಿ

ಮಳೆನೀರು ಹರಿಯೋ ರಾಜಕಾಲುವೆ ಸರಿ ಮಾಡ್ತೀವಿ ಅಂದ ತಕ್ಷಣ ಎಲ್ರೂ ಕೇಳೋದು ವಾಕಿಂಗ್ ಪಾತ್ ಎಷ್ಟಗಲ, ಬೆಂಚ್ ಎಲ್ಲಿ ಬರುತ್ತೆ ಅಂತ. ನಾನು ಮೊದ್ಲು ಪೈಪ್ ಎಣಿಸ್ತೀನಿ. ಮಳೆ ಇಲ್ದಿರೋ ದಿನ ಬೆಳಿಗ್ಗೆ ಏಳಕ್ಕೆ ಕಾಲುವೆ ಗೋಡೆ ಪಕ್ಕ ನಡೀರಿ, ನಾಲ್ಕಿಂಚಿನ ಪಿವಿಸಿ ಪೈಪಿಂದ ಸೋಪಿನ ನೊರೆ, ಅನ್ನದಗುಳು ಎಲ್ಲ ಸುರೀತಿರುತ್ತೆ. ಯಾವ ಮನೇದು ಗೊತ್ತಾಗ್ಲಿಲ್ಲ ಅಂದ್ರೆ ಒಂದೊಂದೇ ಮನೆ ಟಾಯ್ಲೆಟ್ಟಿಗೆ ಬಣ್ಣ ಹಾಕ್ಸಿ ಫ್ಲಶ್ ಮಾಡ್ಸಿ ಈ ಕಡೆ ಒಬ್ರು ಕಾಯ್ತಾ ನಿಲ್ಬೇಕು. ಒಂದ್ಸಲ ಬಣ್ಣ ಬರ್ಲೇ ಇಲ್ಲ, ನೋಡಿದ್ರೆ ಎರಡು ಬೀದಿ ಆಚೆ ಮ್ಯಾನ್‌ಹೋಲ್ ಕಟ್ಕೊಂಡು ಅಲ್ಲಿಂದ ಉಕ್ಕಿ ಕಾಲುವೆ ಸೇರ್ತಿತ್ತು!

ಬೆಂಗಳೂರಿನ ಕೆ-100 ಕಾಲುವೆ, ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ ದಾಟಿ ಬೆಳ್ಳಂದೂರಿಗೆ ಹೋಗೋದು, ಇದರ ಕಷ್ಟ ಇನ್ನೊಂಥರ. ಊರು ದಿಣ್ಣೆ ಮೇಲಿದೆ, ದೊಡ್ಡ ಹೊಳೆ ಇಲ್ಲ, ಹಿಂದೆ ಒಂದು ಕೆರೆ ಕೋಡಿ ಬಿದ್ರೆ ಮುಂದಿನ ಕೆರೆಗೆ ನೀರು ಹೋಗೋಕೆ ಅಂತ ಇದ್ದ ದಾರಿ ಇದು. ಮೇಲಿದ್ದ ಧರ್ಮಾಂಬುಧಿ ಕೆರೆ ಈಗ ಬಸ್‌ಸ್ಟ್ಯಾಂಡ್. ಅಂದ್ಮೇಲೆ ಕೊಳಚೆ ಪೂರ್ತಿ ನಿಲ್ಸಿದ್ರೆ ಬೇಸಿಗೇಲಿ ಕಾಲುವೇನೇ ಒಣಗುತ್ತೆ, ಸಂಸ್ಕರಿಸಿದ ನೀರು ಬಿಡ್ಬೇಕು ಅನ್ನೋದು ಅದಕ್ಕೇ. ದಕ್ಷಿಣ ಕೊರಿಯಾದ ಸಿಯೋಲ್‌ ನಗರದ ಚಿಯಾಂಗ್ಯೆಚಿಯಾನ್ ತೊರೆ ಫೋಟೋ ತೋರ್ಸೋರು ಒಂದು ಹೇಳಲ್ಲ, ಫ್ಲೈಓವರ್ ಕೆಡವಿ 2005ರಲ್ಲಿ ತೆರೆದ ಆ ತೊರೇಲಿ ಹರಿಯೋ ನೀರಲ್ಲಿ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು, ಕರೆಂಟ್ ಬಿಲ್ ನಿಲ್ಲೋ ಹಂಗೇ ಇಲ್ಲ.

ನಂಗೆ ಹಿಡಿಸಿದ್ದು ಸಿಂಗಾಪುರದ ಬಿಷಾನ್ ಪಾರ್ಕ್. 2.7 ಕಿ.ಮೀ. ಕಾಂಕ್ರೀಟ್ ಕಾಲುವೆ ಒಡೆದು 3.2 ಕಿ.ಮೀ. ಬಳುಕೋ ಹೊಳೆ ಮಾಡಿದ್ರು, 2012ರಲ್ಲಿ. ಬಿಸಿಲಲ್ಲಿ ಸಣ್ಣ ಹರಿವು, ದಡದ ಹುಲ್ಲಲ್ಲಿ ಮಕ್ಕಳಾಟ, ಜೋರು ಮಳೆ ಬಂದ್ರೆ ಸೈರನ್ ಕೂಗಿ ಜನ ಮೇಲೆ ಹೋಗ್ತಾರೆ, ಪಾರ್ಕೇ ನೆರೆಗೆ ಜಾಗ ಕೊಡುತ್ತೆ. ನಮ್ಮಲ್ಲಿ ಅಷ್ಟು ಜಾಗ ಎಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡು ಮನೆ. ಆದ್ರೂ ತಳದಲ್ಲಿ ಮಧ್ಯಕ್ಕೆ ಕಿರಿದಾದ ಗಟಾರದಂಥ ತಗ್ಗು ಕೊಟ್ರೆ ಕಮ್ಮಿ ನೀರೂ ಜೋರಾಗಿ ಓಡಿ ಹೂಳು ಕೂರಲ್ಲ, ಅಕ್ಕಪಕ್ಕದ ಮೆಟ್ಟಿಲು ಮಳೇಲಿ ಮುಳುಗಿದ್ರೂ ಪರವಾಗಿಲ್ಲ.

ಇಂಥದ್ದೇ ಒಂದು ಕಾಲುವೆ ಮೀಟಿಂಗಲ್ಲಿ ಹೂಳೆತ್ತೋಕೆ ಜೆಸಿಬಿ ಇಳಿಯೋ ರ‍್ಯಾಂಪ್ ಎಲ್ಲಿ ಅಂತ ಕೇಳ್ದೆ.

"ವ್ಯೂ ಹಾಳಾಗುತ್ತೆ ಸಾರ್" ಅಂದ್ರು.