ಜಡ್ಜ್ ಯಾರ ಕಡೆಯವರು?

ಮೊನ್ನೆ ಜಮೀನು ಪಾಲಿನ ದಾವೆ ಇರುವ ಹಿರಿಯರೊಬ್ಬರು ಆಫೀಸಿಗೆ ಬಂದಿದ್ದರು. ಕೂರುವ ಮೊದಲೇ ಹೇಳಿದರು: “ಸಾರ್, ಈ ಜಡ್ಜು ನಮ್ಮ ಎದುರು ಪಾರ್ಟಿಯ ಜಾತಿಯವರಂತೆ. ಕೇಸು ಬೇರೆ ಕೋರ್ಟಿಗೆ ಹಾಕ್ಸಿಬಿಡಿ.”

ಈ ಮಾತು ಕೇಳಿದಾಗೆಲ್ಲ ನನಗೆ ನ್ಯೂಯಾರ್ಕಿನ ಜಡ್ಜ್ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ನೆನಪಾಗುತ್ತಾರೆ. ಅವರನ್ನೂ ಹೀಗೇ ಪಕ್ಕಕ್ಕೆ ಸರಿಸಲು ನೋಡಿದ್ದರು.

ಅದು 1975. ದೊಡ್ಡ ವಕೀಲರ ಸಂಸ್ಥೆಯೊಂದು ಹೆಂಗಸರಿಗೆ ಕೆಲಸ ಕೊಡುವಾಗ ತಾರತಮ್ಯ ಮಾಡುತ್ತದೆ ಎಂದು ವಕೀಲೆಯೊಬ್ಬರು ದಾವೆ ಹೂಡಿದ್ದರು. ಕೇಸು ಮಾಟ್ಲಿಯವರ ಮುಂದೆ ಬಂತು. ಸಂಸ್ಥೆಯವರು ತಕರಾರು ತೆಗೆದರು. ಈ ಜಡ್ಜ್ ಹೆಣ್ಣು, ಕಪ್ಪು ಜನಾಂಗದವರು, ವಕೀಲಿಕೆಯಲ್ಲಿ ತಾರತಮ್ಯದ ವಿರುದ್ಧವೇ ಹೋರಾಡಿದವರು, ಹಾಗಾಗಿ ಕೇಸು ಬಿಡಬೇಕು ಎಂದು. ಮಾಟ್ಲಿ ಬಿಡಲಿಲ್ಲ. ಜನಾಂಗ, ಲಿಂಗ, ಹಿನ್ನೆಲೆಯೇ ಕಾರಣವಾಗುವುದಾದರೆ ಈ ನ್ಯಾಯಾಲಯದ ಯಾವ ಜಡ್ಜ್ ಕೂಡ ಈ ಕೇಸು ಕೇಳುವಂತಿಲ್ಲ ಎಂದು ಬರೆದರು. ಹೌದಲ್ವಾ? ಬಿಳಿಯ ಗಂಡಸಿಗೂ ಒಂದು ಜನಾಂಗ, ಒಂದು ಲಿಂಗ ಇದ್ದೇ ಇದೆ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಆ ಕುರ್ಚಿಗೆ ಅವರು ಸುಲಭವಾಗಿ ಬಂದವರಲ್ಲ. 1921ರಲ್ಲಿ ನ್ಯೂ ಹೇವನ್‌ನಲ್ಲಿ ಹುಟ್ಟಿದರು. ತಂದೆ ಅಡುಗೆ ಕೆಲಸದವರು. ಓದಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಹುಡುಗಿಯ ಭಾಷಣ ಕೇಳಿದ ಉದ್ಯಮಿಯೊಬ್ಬರು ಓದಿನ ಖರ್ಚು ಹೊತ್ತರು. 1946ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ವಕೀಲ ಥರ್ಗುಡ್ ಮಾರ್ಷಲ್ ಜೊತೆ ಕೆಲಸ ಮಾಡಿದರು. ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್‌ಗೆ 1962ರಲ್ಲಿ ಬಿಳಿಯರನ್ನಷ್ಟೇ ಸೇರಿಸಿಕೊಳ್ಳುತ್ತಿದ್ದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬಾಗಿಲು ತೆಗೆಸಿದ್ದು ಇವರ ವಾದ. ಸುಪ್ರೀಂ ಕೋರ್ಟಿನಲ್ಲಿ 10 ಕೇಸು ವಾದಿಸಿ 9 ಗೆದ್ದರು.

1966ರಲ್ಲಿ ಅಧ್ಯಕ್ಷ ಜಾನ್ಸನ್ ಜಡ್ಜ್ ಹುದ್ದೆಗೆ ಇವರ ಹೆಸರು ಸೂಚಿಸಿದಾಗ, ಅದೇ ಮಿಸಿಸಿಪ್ಪಿ ರಾಜ್ಯದ ಸೆನೆಟರ್ ಈಸ್ಟ್‌ಲ್ಯಾಂಡ್ ತಿಂಗಳುಗಟ್ಟಲೆ ಅಡ್ಡ ನಿಂತರು. ಕೊನೆಗೆ ಆಗಸ್ಟ್‌ನಲ್ಲಿ ಸೆನೆಟ್ ಒಪ್ಪಿತು. ಅಮೆರಿಕದಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ನ್ಯಾಯಾಲಯದ, ಜಡ್ಜ್ ಆದ ಮೊದಲ ಕಪ್ಪು ಮಹಿಳೆ ಅವರು.

ಅಲ್ಲಿ ಅವರು ಕೂತ ಫೆಡರಲ್ ಜಿಲ್ಲಾ ನ್ಯಾಯಾಲಯ ಎಂದರೆ ಕೇಸು ಮೊದಲು ಬರುವ ಜಾಗ. ಸಾಕ್ಷಿಯ ಮುಖ ನೋಡುವುದು, ದಾಖಲೆ ತಿರುವಿ ಹಾಕುವುದು, ವಕೀಲರ ಜಗಳ ಬಿಡಿಸುವುದು, ಎಲ್ಲ ಒಬ್ಬರೇ. ಹುದ್ದೆ ಜೀವನಪೂರ್ತಿ. ಯಾರ ಮರ್ಜಿಯೂ ಬೇಡ. ನನಗೆ ಇದು ತುಂಬಾ ದೊಡ್ಡ ಬಲ ಅನ್ನಿಸುತ್ತದೆ.

ಆ ಬಲವನ್ನು ಅವರು ಸಣ್ಣ ವಿವರಗಳ ಮೇಲೆ ಬಳಸಿದರು. ಪತ್ರಕರ್ತರು ಆಟಗಾರರನ್ನು ಮಾತಾಡಿಸುವ ಕೋಣೆಯಿಂದ, ಅದು ಬಟ್ಟೆ ಬದಲಿಸುವ ಜಾಗ ಎಂಬ ಕಾರಣಕ್ಕೆ, ಬೇಸ್‌ಬಾಲ್ ಪತ್ರಕರ್ತೆಯೊಬ್ಬರನ್ನು ಹೊರಗಿಟ್ಟಿದ್ದ ಕೇಸು 1978ರಲ್ಲಿ ಅವರ ಮುಂದಿತ್ತು. ಗಂಡಸರ ಮಾನ ಕಾಯಲು ಒಂದು ಪರದೆ ಸಾಕಲ್ಲ, ಅದಕ್ಕೆ ಹೆಣ್ಣಿನ ಕೆಲಸ ಕಸಿಯುವುದೇಕೆ ಎಂಬುದು ಅವರ ತರ್ಕ. ಪತ್ರಕರ್ತೆ ಗೆದ್ದರು. ಮಾಟ್ಲಿ 1982ರಲ್ಲಿ ಆ ನ್ಯಾಯಾಲಯದ ಮುಖ್ಯ ಜಡ್ಜ್ ಆದರು. 2005ರಲ್ಲಿ ತೀರಿಕೊಂಡರು.

ನಮ್ಮಲ್ಲೂ ಸುಮ್ನೆ ಅನುಮಾನ ಇದೆ ಎಂದರೆ ಕೇಸು ವರ್ಗಾವಣೆ ಆಗುವುದಿಲ್ಲ. ಜಡ್ಜ್ ಏನು ಮಾಡಿದರು, ಏನು ಹೇಳಿದರು ಎಂದು ತೋರಿಸಬೇಕು. ಹಿರಿಯರನ್ನು ಅದನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. “ಏನೂ ಮಾಡಿಲ್ಲ ಸಾರ್,” ಅಂದರು.

“ಹಾಗಾದರೆ ಯಜಮಾನ್ರೇ, ಸೋಮವಾರ ಪಾಟಿ ಸವಾಲು ಇದೆ. ಹಳೆಯ ಪಹಣಿಗಳನ್ನೆಲ್ಲ ತನ್ನಿ” ಎಂದೆ.